ಅಜ್ಜನ ಜಾತ್ರಿಗೆ ರೊಟ್ಟಿ

ಕೊಪ್ಪಳದ ಗವಿಮಠದ ಜಾತ್ರೆ ಹತ್ತಿರ ಬಂತೆಂದರೆ ಸುತ್ತಲಿನ ಹಳ್ಳಿಗಳಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಯಲಬುರ್ಗಾ ತಾಲ್ಲೂಕಿನ ನಮ್ಮೂರಿನಲ್ಲೂ ಓಣಿಯ ಹೆಂಗಸರೆಲ್ಲ ಒಂದೇ ಕಡೆ ಒಲೆ ಹೂಡುತ್ತಾರೆ. ಜೋಳದ ರೊಟ್ಟಿಗಳು ಒಣಗಿ, ಟ್ರ್ಯಾಕ್ಟರ್ ಏರಿ ಮಠದ ಮಹಾದಾಸೋಹಕ್ಕೆ ಹೋಗುತ್ತವೆ. ಹತ್ತು ವರ್ಷ ನಾನು ಈ ಕೆಲಸ ತಪ್ಪಿಸಿಕೊಂಡೆ. ಕಾರಣ ಚಿಗವ್ವ.

ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಅಪ್ಪ ತೀರಿಕೊಂಡ. ನಮ್ಮ ಪಾಲಿನ ನಾಲ್ಕು ಎಕರೆ ಎರಿ ಹೊಲವನ್ನು ಕಾಕಾ ತಾನೇ ಉಳತೊಡಗಿದ. ಪೀಕು ಬಂದರೂ ಒಂದು ಚೀಲ ಜೋಳ ನಮ್ಮ ಮನೆಗೆ ಬರಲಿಲ್ಲ. ಅವ್ವ ಕಂಡವರ ಹೊಲಕ್ಕೆ ಕಳೆ ತೆಗೆಯಲು ಹೋದಳು. ಅದನ್ನಾದರೂ ಮರೆಯಬಹುದಿತ್ತು. ಗಂಗಾವತಿಯಲ್ಲಿ ಡಿಗ್ರಿಗೆ ಸೇರಲು ಫೀ ಕೇಳಲು ಹೋದ ದಿನ ಚಿಗವ್ವ ಬಾಗಿಲಲ್ಲೇ ನಿಂತು, "ಅಪ್ಪನ್ನ ನುಂಗಿದಾಕಿ ಓದಿ ಏನ್ ಮಾಡ್ತೀ?" ಅಂದಳು. ಹಾಸ್ಟೆಲಿನಲ್ಲಿ ಎಷ್ಟೋ ರಾತ್ರಿ ದೀಪ ಆರಿಸಿದ ಮೇಲೆ ಆ ಮಾತು ಕೇಳುತ್ತಿತ್ತು.

ಈಗ ನನ್ನ ಪಿಎಚ್‌.ಡಿ. ಕೊಪ್ಪಳದ ಶಾಸನಗಳ ಮೇಲೆ. ಗವಿಮಠದ ಬೆಟ್ಟದಲ್ಲಿ ಅಶೋಕನ ಕಿರು ಶಾಸನವಿದೆ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ 1932ರಲ್ಲಿ ಅದನ್ನು ಪ್ರಕಟಿಸಿತು. ಕಳಿಂಗದ ಪಶ್ಚಾತ್ತಾಪ ಅದರಲ್ಲಿದೆ ಎಂದು ಬಹಳ ಮಂದಿ ನನ್ನನ್ನೇ ತಿದ್ದಲು ಬರುತ್ತಾರೆ. ಇಲ್ಲ, ಅದು 13ನೇ ಬಂಡೆ ಶಾಸನದ ಮಾತು. ಇಲ್ಲಿ ದೊರೆ, ಉಪಾಸಕನಾದ ಮೇಲೂ ಮೊದಮೊದಲು ತಾನು ಹೆಚ್ಚು ಪ್ರಯತ್ನಪಡಲಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಸಿಗುತ್ತದೆ ಎನ್ನುತ್ತಾನೆ. ಇದನ್ನು ಎಷ್ಟು ಸಲ ಟಿಪ್ಪಣಿ ಮಾಡಿಕೊಂಡೆನೋ. ಚಿಗವ್ವ ತಾನಾಗಿ ಬಂದು ತಪ್ಪಾಯ್ತು ಅನ್ನಲಿ ಎಂದು ಕಾಯುವುದು ಬಿಟ್ಟು ನಾನು ಬೇರೇನೂ ಮಾಡಿರಲಿಲ್ಲ.

ಈ ಸಲ ಅವ್ವನ ಕೈ ನೋಯುತ್ತಿತ್ತು. "ನನ್ನ ಬದ್ಲಿ ನೀ ಕುಂದ್ರು" ಅಂದಳು. ಹೋದರೆ ಪಕ್ಕದ ಒಲೆಯ ಮುಂದೆ ಚಿಗವ್ವ. ಎದ್ದು ಬಂದುಬಿಟ್ಟೆ. ಅವ್ವ ಗದರಲಿಲ್ಲ.

"ಸಿಟ್ಟ ಇದ್ರ ಇರ್ಲಿ ಯವ್ವಾ. ಅಜ್ಜ ನಿನಗ ಸಿಟ್ಟ ಬಿಟ್ಟ ಬಾ ಅಂದಿಲ್ಲ, ರೊಟ್ಟಿ ಕೊಡು ಅಂದಾನ."

ಗವಿಸಿದ್ಧೇಶ್ವರನನ್ನು ನಮ್ಮ ಕಡೆ ಅಜ್ಜ ಅನ್ನುವುದು ಸುಮ್ಮನಲ್ಲ. ಮೊದಲು ಮನಸ್ಸು ಸ್ವಚ್ಛ ಮಾಡಿಕೊಂಡು ಬಾ ಅಂದಿದ್ದರೆ ನಾನು ಇನ್ನೂ ಹತ್ತು ವರ್ಷ ಹೋಗುತ್ತಿರಲಿಲ್ಲ. ಮನೆಯ ಹಿರಿಯನೊಬ್ಬನಿಗೆ ಹೊಳೆಯುವ ಬುದ್ಧಿ ಅದು.

ಮರಳಿ ಹೋಗಿ ಕುಂತೆ. ನಾನು ಬಡಿದೆ, ಚಿಗವ್ವ ಬೇಯಿಸಿದಳು. ರೂಢಿ ತಪ್ಪಿದ ಕೈ. ಮೂರನೇ ರೊಟ್ಟಿ ಹರಿಯಿತು. ಆಕೆ ಮಾತಾಡದೆ ಆ ಹಿಟ್ಟು ಎತ್ತಿಕೊಂಡು, ಬಿಸಿನೀರು ಚಿಮುಕಿಸಿ ನಾದಿ, ನನ್ನ ಮುಂದಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಕೇಳಿದಳು:

"ಓದು ಮುಗೀತೇನ?"

"ಇನ್ನೊಂದ್ ವರ್ಷ ಐತಿ."

"ಮುಗ್ಸು."

ಅಷ್ಟೇ. ತಪ್ಪಾಯ್ತು ಅನ್ನಲಿಲ್ಲ. ಹೊಲ ಇನ್ನೂ ಕಾಕಾನ ಕೈಯಲ್ಲೇ ಇದೆ. ಪಾಲಿನ ದಾವೆ ಕೋರ್ಟಿನಲ್ಲಿದೆ. ಅದನ್ನು ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಆ ರಾತ್ರಿ ಬಾಗಿಲಿನ ಆ ಮಾತು ಬರಲಿಲ್ಲ. ಬರಲಿಲ್ಲ ಎಂಬುದು ಹೊಳೆದದ್ದೇ ಮರುದಿನ ಬೆಳಗ್ಗೆ. ಕೃಪೆ ಅನ್ನದೆ ಇದಕ್ಕೆ ಏನನ್ನಲಿ? ನಾನು ಕ್ಷಮಿಸಬೇಕೆಂದು ಕುಂತವಳಲ್ಲ.

ಟ್ರ್ಯಾಕ್ಟರ್ ಬಂದಾಗ ನಾನು ಮೇಲೆ ಹತ್ತಿದೆ. ಚಿಗವ್ವ ಕೆಳಗಿನಿಂದ ಒಂದೊಂದೇ ಗಂಟು ಎತ್ತಿ ಕೊಟ್ಟಳು. "ಸಾವಕಾಶ, ಮುರಿದಾವು" ಅನ್ನುತ್ತಲೇ ಇದ್ದಳು.