ನಿದ್ದೆಯಲ್ಲಿ ನಿಲ್ಲುವ ಉಸಿರು

ಗೊರಕೆಯೆಂದರೆ ನಗೆಯಾಡುವ ವಿಷಯವೆಂದೇ ನಾವು ಬಹುಕಾಲ ತಿಳಿದಿದ್ದೆವು. ಮದುವೆಮನೆಗಳಲ್ಲಿ ನಮ್ಮ ಪಕ್ಕ ಮಲಗಲು ಯಾರೂ ಒಪ್ಪುತ್ತಿರಲಿಲ್ಲ; ಅವರೊಡನೆ ನಾವೂ ನಗುತ್ತಿದ್ದೆವು. ನಮ್ಮ ಮನೆಯವರು ಮಾತ್ರ ನಗುತ್ತಿರಲಿಲ್ಲ. “ನೀವು ಗೊರಕಿ ಹೊಡದ್ರ ಚಿಂತಿ ಇಲ್ರಿ, ಅದು ನಡುವ ನಿಂತಾಗ ನನಗ ಜೀವ ಹೋದಂಗ ಆಗ್ತದ” ಎಂದು ಅವರು ಎಷ್ಟೋ ಸಲ ಹೇಳಿದರೂ ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಪ್ರಾತಃಕಾಲ ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡು ಪೂಜೆಗೆ ಕುಳಿತಿದ್ದೆವು. ದೃಷ್ಟಿಯಿಟ್ಟ ಕೆಲವೇ ಕ್ಷಣಗಳಲ್ಲಿ ತೂಕಡಿಕೆ ಬಂದು ಕೈ ವಾಲಿತು. ಪಕ್ಕದಲ್ಲಿದ್ದ ಮನೆಯವರು ಕೂಡಲೇ ಕೈಯೊಡ್ಡದಿದ್ದರೆ ಏನಾಗುತ್ತಿತ್ತೆಂದು ನೆನೆಯಲೂ ಅಂಜಿಕೆಯಾಗುತ್ತದೆ. ರಾತ್ರಿ ಎಂಟು ಗಂಟೆ ಮಲಗಿ ಎದ್ದವರಿಗೆ ಪೂಜೆಯಲ್ಲಿ ನಿದ್ದೆಯೇಕೆ? ನಮ್ಮ ಭಕ್ತಿಯ ಕೊರತೆಯೇ ಇದಕ್ಕೆ ಕಾರಣವೆಂದು ಹಲವು ದಿನ ಕೊರಗಿದೆವು. ಕೊನೆಗೆ ಮಗನು ವೈದ್ಯರಲ್ಲಿಗೆ ಕರೆದೊಯ್ದನು.

ಅಲ್ಲಿ ಮೈಗೆ ತಂತಿಗಳನ್ನು ಅಂಟಿಸಿ ಒಂದು ರಾತ್ರಿಯಿಡೀ ನಮ್ಮ ನಿದ್ದೆಯನ್ನು ಪರೀಕ್ಷಿಸಿದರು. ಕಾಯಿಲೆಯ ಹೆಸರು ಸ್ಲೀಪ್ ಅಪ್ನಿಯಾ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗವು ಮುಚ್ಚುತ್ತದೆ. ಉಸಿರು ೧೦ ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಬೆಚ್ಚಿ ಎಚ್ಚರಿಸುತ್ತದೆ. ಗಂಟೆಗೆ ೩೦ ಅಥವಾ ಹೆಚ್ಚು ಬಾರಿ ಉಸಿರು ನಿಂತರೆ ಇಲ್ಲವೆ ಕುಗ್ಗಿದರೆ ಅದು ತೀವ್ರ ಸ್ವರೂಪದ್ದು. ನಮ್ಮದು ೪೧.

ಈ ಕಾಯಿಲೆಯ ಕುರಿತು ಓದುತ್ತಿದ್ದ ಮಗನು ಒಂದು ಸಂಜೆ, ಇದಕ್ಕೂ ಕ್ಯಾನ್ಸರಿಗೂ ನಂಟಿರಬಹುದಂತೆ ಎಂದನು. ನಮ್ಮ ಎದೆ ಝಲ್ಲೆಂದಿತು. ನಮ್ಮ ಅಣ್ಣನವರೂ ನಮ್ಮಂತೆಯೇ ಗೊರಕೆ ಹೊಡೆಯುತ್ತಿದ್ದವರು, ಕ್ಯಾನ್ಸರಿನಿಂದಲೇ ಲಿಂಗೈಕ್ಯರಾದವರು. ಮರುದಿನವೇ ವೈದ್ಯರನ್ನು ಕಂಡು ಕೇಳಿದೆವು.

ಅವರು ಸಮಾಧಾನದಿಂದ ವಿವರಿಸಿದರು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ೧,೫೨೨ ಜನರನ್ನು ೨೨ ವರ್ಷ ಗಮನಿಸಿದ ಅಧ್ಯಯನವೊಂದು ೨೦೧೨ರಲ್ಲಿ ಪ್ರಕಟವಾಯಿತು. ತೀವ್ರ ತೊಂದರೆಯಿದ್ದವರಲ್ಲಿ ಕ್ಯಾನ್ಸರಿನಿಂದಾದ ಸಾವಿನ ಪ್ರಮಾಣವು ತೊಂದರೆಯಿಲ್ಲದವರಿಗಿಂತ ಸುಮಾರು ೪.೮ ಪಟ್ಟು ಇತ್ತು. ಆಮ್ಲಜನಕ ಇಳಿದಾಗ ಜೀವಕೋಶಗಳಲ್ಲಿ ಒಂದು ಪ್ರೋಟೀನು ಹೆಚ್ಚಿ, ಹೊಸ ರಕ್ತನಾಳಗಳು ಬೆಳೆಯಲು ಪ್ರೇರಣೆ ನೀಡುತ್ತದೆ. ಕ್ಯಾನ್ಸರ್ ಗಡ್ಡೆಯೂ ಇದರ ಲಾಭ ಪಡೆಯಬಲ್ಲದು. ಜೀವಕೋಶಗಳು ಆಮ್ಲಜನಕದ ಏರಿಳಿತವನ್ನು ಅರಿಯುವ ಬಗೆಯನ್ನು ಶೋಧಿಸಿದ ಕೇಲಿನ್, ರ‍್ಯಾಟ್‌ಕ್ಲಿಫ್ ಮತ್ತು ಸೆಮೆಂಜಾ ಅವರಿಗೆ ೨೦೧೯ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

“ಆದರೆ ಗಾಬರಿಯಾಗಬೇಡಿ. ಆ ಅಧ್ಯಯನದಲ್ಲಿ ಕ್ಯಾನ್ಸರಿನಿಂದ ತೀರಿಕೊಂಡವರು ಒಟ್ಟು ೫೦ ಮಂದಿ ಮಾತ್ರ. ಬೇರೆ ಕೆಲವು ಅಧ್ಯಯನಗಳಲ್ಲಿ ಈ ನಂಟು ಕಾಣಲಿಲ್ಲ. ವಯಸ್ಸು ಮತ್ತು ಬೊಜ್ಜು ಎರಡೂ ಕಾಯಿಲೆಗಳನ್ನು ಹೆಚ್ಚಿಸುತ್ತವೆ. ನಂಟು ಬೇರೆ, ಕಾರಣ ಬೇರೆ. ನಿಮ್ಮ ಅಣ್ಣನವರ ವಿಷಯದಲ್ಲಿ ಹೀಗೆಯೇ ಆಯಿತೆಂದು ಯಾರೂ ಹೇಳಲಾರರು. ಆದರೆ ರಕ್ತದೊತ್ತಡ, ಹೃದಯದ ತೊಂದರೆ, ವಾಹನ ನಡೆಸುವಾಗಿನ ತೂಕಡಿಕೆ, ಇವು ಖಚಿತವಾದ ಅಪಾಯಗಳು. ಚಿಕಿತ್ಸೆಗೆ ಇಷ್ಟು ಸಾಕಲ್ಲವೇ?” ಎಂದರು.

ಮೂಗಿಗೆ ಮುಖವಾಡ ಕಟ್ಟಿ ಗಾಳಿಯ ಒತ್ತಡದಿಂದ ಶ್ವಾಸಮಾರ್ಗವನ್ನು ತೆರೆದಿಡುವ ಯಂತ್ರವನ್ನು ಸೂಚಿಸಿದರು. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ನರು ೧೯೮೧ರಲ್ಲಿ ಲೋಕಕ್ಕೆ ತಿಳಿಸಿದ ಉಪಾಯವಿದು. ಮೊದಲ ರಾತ್ರಿ ಮೊಮ್ಮಗಳು “ಅಜ್ಜಾಗ ಸೊಂಡಿಲು ಬಂದದ!” ಎಂದು ಚಪ್ಪಾಳೆ ತಟ್ಟಿದಳು. ನಮಗೂ ನಾಚಿಕೆಯಾಯಿತು. ಒಂದು ವಾರ ಉಸಿರು ಸಿಕ್ಕಿಹಾಕಿಕೊಂಡಂತಾಗಿ ಕಿತ್ತೆಸೆಯಬೇಕೆನಿಸಿತು. ತಿಂಗಳು ಕಳೆಯುವಷ್ಟರಲ್ಲಿ ಪೂಜೆಯಲ್ಲಿ ದೃಷ್ಟಿ ನಿಂತಿತು, ಕೈಯೂ ನಿಂತಿತು. ಕೊರತೆಯಿದ್ದುದು ಭಕ್ತಿಯಲ್ಲಲ್ಲ, ಉಸಿರಿನಲ್ಲಿ ಎಂದು ಆಗ ತಿಳಿಯಿತು.

ಶರಣರು ಕಾಯವನ್ನು ಹಳಿಯಲಿಲ್ಲ. ಕಾಯಕಕ್ಕೂ ದಾಸೋಹಕ್ಕೂ ಲಿಂಗಪೂಜೆಗೂ ಈ ಕಾಯವೇ ಆಧಾರ. ಅದರ ಸಂಕಟವನ್ನು ನಗೆಯಲ್ಲಿ ತೇಲಿಸುವುದು ತರವಲ್ಲ. ನಿಮ್ಮ ಮನೆಯಲ್ಲಿ ಹಿರಿಯರ ಗೊರಕೆ ನಡುವೆ ನಿಂತು, ಅವರು ಏದುಸಿರಿನಿಂದ ಎಚ್ಚರಗೊಳ್ಳುತ್ತಿದ್ದರೆ ಸಂಕೋಚಪಡದೆ ವೈದ್ಯರಿಗೆ ತೋರಿಸಿರಿ. ತಾಯಂದಿರಲ್ಲಿಯೂ ಈ ಕಾಯಿಲೆಯುಂಟು, ಅವರು ಹೇಳಿಕೊಳ್ಳುವುದಿಲ್ಲವಷ್ಟೇ.

ಇಷ್ಟು ವರ್ಷ ನಮ್ಮ ಉಸಿರನ್ನು ಎಣಿಸುತ್ತ ಎಚ್ಚರವಿದ್ದ ನಮ್ಮ ಮನೆಯವರು ಈಗ ನೆಮ್ಮದಿಯಿಂದ ಮಲಗುತ್ತಾರೆ. ಅವರ ಮಾತನ್ನು ಅಂದೇ ಕೇಳಬೇಕಿತ್ತು.