ಹನ್ನೆರಡು ಜನರ ಬೊಂಗೊ

ದಕ್ಷಿಣ ಕೊರಿಯದ ರಾಜಧಾನಿ ಸೋಲ್ ನಗರವನ್ನು ನೋಡಲು ಹೋದವರು ಹಳೆಯ ಅರಮನೆಗಳನ್ನು ನೋಡುತ್ತಾರೆ, ಹಾನ್ ನದಿಯ ದಂಡೆಯ ಮೇಲೆ ಅಡ್ಡಾಡುತ್ತಾರೆ, ಪೇಟೆಯಲ್ಲಿ ರೇಷ್ಮೆ, ಜಿನ್‌ಸೆಂಗ್ ಬೇರು ಕೊಂಡು ಹಿಂದಿರುಗುತ್ತಾರೆ. ನಗರದ ನೈಋತ್ಯ ದಿಕ್ಕಿನಲ್ಲಿರುವ ನಾಮ್‌ಗುರೊ ನಿಲ್ದಾಣವನ್ನು ಹುಡುಕಿಕೊಂಡು ಹೋಗುವ ಪ್ರವಾಸಿಗಳು ವಿರಳ. ಹೋಗುವುದಾದರೂ ಬೆಳಗಿನ ಜಾವ ನಾಲ್ಕು ಗಂಟೆಗೇ ಹೋಗಬೇಕು. ಚಳಿಗಾಲದಲ್ಲಿ ಉಷ್ಣಮಾನ ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿಳಿಯುವ ಆ ಊರಿನಲ್ಲಿ, ಅಂಥ ಹೊತ್ತಿನಲ್ಲಿಯೂ, ನಿಲ್ದಾಣದ ಸುತ್ತಲಿನ ಬೀದಿಗಳಲ್ಲಿ ನೂರಾರು ಕೂಲಿಯಾಳುಗಳು ನೆರೆದಿರುತ್ತಾರೆ. ಹೆಗಲಿಗೊಂದು ಚೀಲ, ಕಾಲಿಗೆ ದಪ್ಪನೆಯ ಬೂಟು. ಚೀನಾದಿಂದ ಬಂದ ಕೊರಿಯನ್ ವಂಶದವರೂ ಅವರಲ್ಲಿ ಬಹುಮಂದಿ. ಕಟ್ಟಡದ ಕೆಲಸಕ್ಕೆ ಆಳುಗಳನ್ನು ಒದಗಿಸುವವರು ತಮಗೆ ಬೇಕಾದವರನ್ನು ಆರಿಸಿಕೊಳ್ಳುತ್ತಾರೆ. ಪಕ್ಕಕ್ಕೆ ಸರಿಯುವ ಬಾಗಿಲಿನ ವ್ಯಾನುಗಳು ಒಂದರ ಹಿಂದೊಂದು ತುಂಬಿಕೊಂಡು ಹೊರಡುತ್ತವೆ. ಬೆಳಕು ಹರಿಯುವಷ್ಟರಲ್ಲಿ ಬೀದಿ ಬರಿದಾಗುತ್ತದೆ. ಕರೆ ಬಾರದವರು ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ.

ಆ ವ್ಯಾನುಗಳ ಮೇಲೆ ಯಾವ ಕಂಪನಿಯ ಹೆಸರೇ ಇರಲಿ, ಕೊರಿಯದ ನಡುವಯಸ್ಸಿನ ಜನರಿಗೆ ಅದು 'ಬೊಂಗೊ-ಚಾ'. ಅವರ ಭಾಷೆಯಲ್ಲಿ 'ಚಾ' ಎಂದರೆ ಗಾಡಿ. ವಿನೋದವೆಂದರೆ, ನಾವು ಕುಡಿಯುವ ಚಹಕ್ಕೂ ಅವರು 'ಚಾ' ಎಂದೇ ಹೇಳುತ್ತಾರೆ! ನಮ್ಮಲ್ಲಿ ವನಸ್ಪತಿ ತುಪ್ಪವೆಲ್ಲ ಡಾಲ್ಡಾ ಆದಂತೆ, ಸಣ್ಣ ಲಾರಿಗಳೆಲ್ಲ ಟೆಂಪೊ ಆದಂತೆ, ಅಲ್ಲಿ ಹತ್ತು ಹನ್ನೆರಡು ಮಂದಿಯನ್ನು ಹೊರುವ ಗಾಡಿಗಳೆಲ್ಲ ಬೊಂಗೊ ಆಗಿಬಿಟ್ಟವು. ಒಂದು ಸರಕಿನ ಹೆಸರು ಜನರ ನಾಲಗೆಯ ಮೇಲೆ ಹೀಗೆ ನೆಲಸಬೇಕಾದರೆ ಅದರ ಹಿಂದೆ ಒಂದು ಕಥೆ ಇರಲೇಬೇಕು.

ಸೈಕಲ್ಲಿನಿಂದ ಆರಂಭ

ಆ ಕಥೆ ನಡೆದದ್ದು ನಾಮ್‌ಗುರೊವಿನ ಸುತ್ತಮುತ್ತಲೇ. ಹತ್ತಿರದ ಯೋಂಗ್‌ಡುಂಗ್‌ಪೊ ಬಡಾವಣೆಯಲ್ಲಿ 1944ರಲ್ಲಿ ಕಿಮ್ ಚೊಲ್-ಹೊ ಎಂಬ ಉದ್ಯಮಿ ಸೈಕಲ್ ಬಿಡಿಭಾಗಗಳ ಕಾರ್ಖಾನೆಯೊಂದನ್ನು ತೆರೆದನು. ಆಗ ಕೊರಿಯ ಇನ್ನೂ ಜಪಾನೀಯರ ಅಧೀನದಲ್ಲಿತ್ತು. ಸ್ವಾತಂತ್ರ್ಯ ಬಂದು ಐದು ವರ್ಷಗಳಾಗುವುದರೊಳಗೆ ಯುದ್ಧವೂ ಬಂದಿತು. ಕಾರ್ಖಾನೆ ದಕ್ಷಿಣದ ಬಂದರಾದ ಬೂಸಾನಿಗೆ ಸರಿಯಬೇಕಾಯಿತು. ನಿರಾಶ್ರಿತರಿಂದ ಕಿಕ್ಕಿರಿದಿದ್ದ ಆ ಊರಿನಲ್ಲಿಯೇ, 1952ರಲ್ಲಿ, ಕೊರಿಯದ ಮೊದಲ ಸ್ವದೇಶಿ ಸೈಕಲ್ಲು ಹೊರಬಂದಿತು. ಅದಕ್ಕಿಟ್ಟ ಹೆಸರು 'ಸಾಮ್‌ಚೊಲ್ಲಿ', ಅಂದರೆ ಮೂರು ಸಾವಿರ ಲೀ. ತಮ್ಮ ನಾಡಿನ ಉದ್ದವನ್ನು ಕೊರಿಯನ್ನರು ವಾಡಿಕೆಯಾಗಿ ಹೇಳುವುದು ಹೀಗೆಯೇ. ನಾಡು ಎರಡು ಹೋಳಾಗಿದ್ದ ಕಾಲದಲ್ಲಿ ಇಡೀ ನಾಡಿನ ಅಳತೆಯನ್ನು ಸೈಕಲ್ಲಿಗೆ ಹೆಸರಾಗಿ ಇಟ್ಟಿದ್ದರು! ಅದೇ ವರ್ಷ ಕಂಪನಿಯೂ 'ಕಿಯಾ' ಎಂಬ ಹೊಸ ಹೆಸರನ್ನು ತಾಳಿತು.

ಸೈಕಲ್ಲಿನ ಬಳಿಕ, 1962ರಲ್ಲಿ, ಮೂರು ಚಕ್ರದ ಪುಟ್ಟ ಸರಕುಗಾಡಿ ಬಂದಿತು. ಅದರ ವಿನ್ಯಾಸ ಹಿರೋಷಿಮಾದ ತೋಯೊ ಕೋಗ್ಯೊ ಕಂಪನಿಯದು; ಇಂದು ನಾವು ಮಾಜ್ದಾ ಎನ್ನುವುದು ಇದನ್ನೇ. ದೊಡ್ಡ ಲಾರಿ ನುಗ್ಗಲಾಗದ ಗಲ್ಲಿಗಳಿಗೂ ಗುಡ್ಡದ ಓರೆಯ ಕೇರಿಗಳಿಗೂ ಒಲೆಯ ಇದ್ದಲಿನ ಬಿಲ್ಲೆಗಳನ್ನು ಹೊತ್ತು ಹೋದದ್ದು ಈ ಮೂರು ಚಕ್ರದ ಗಾಡಿಯೇ. ಸೋಲ್ ನಗರದ ಅಂಚಿಗೆ ಹೊಂದಿಕೊಂಡಿರುವ ಸೊಹಾರಿ ಎಂಬಲ್ಲಿ 1973ರಲ್ಲಿ ದೊಡ್ಡ ಮೋಟಾರು ಕಾರ್ಖಾನೆ ಎದ್ದಿತು. ಅದೇ ವರ್ಷ ಕಿಮ್ ಚೊಲ್-ಹೊ ತೀರಿಕೊಂಡನು. ಮರುವರ್ಷ ಅಲ್ಲಿಂದ 'ಬ್ರಿಸಾ' ಎಂಬ ಸಣ್ಣ ಕಾರು ಹೊರಬಂದಿತು.

ಮುಚ್ಚಿದ ಬಾಗಿಲು, ಸರಿದ ಬಾಗಿಲು

ಇಷ್ಟರಲ್ಲಿ ದೇಶದ ಅಧಿಕಾರ ಸೇನಾಪತಿ ಚುನ್ ದೂ-ಹ್ವಾನನ ಕೈಸೇರಿತು. ಎಣ್ಣೆಯ ಬೆಲೆ ಏರಿ ಮೋಟಾರು ಉದ್ಯಮ ಕಂಗೆಟ್ಟಿದ್ದ ಕಾಲ ಅದು. ಒಂದೇ ಸರಕನ್ನು ಹಲವು ಕಂಪನಿಗಳು ಮಾಡುವುದು ವ್ಯರ್ಥವೆಂದು ಬಗೆದ ಹೊಸ ಸರಕಾರ, 1981ರ ಫೆಬ್ರವರಿಯಲ್ಲಿ ಉದ್ಯಮವನ್ನೇ ಪಾಲು ಮಾಡಿಬಿಟ್ಟಿತು. ಕಾರುಗಳನ್ನು ಮಾಡುವ ಹಕ್ಕು ಬೇರೆಯವರಿಗೆ. ಕಿಯಾ ಕಂಪನಿ ಕಾರುಗಳನ್ನೂ ಮೋಟಾರ್ ಸೈಕಲ್ಲುಗಳನ್ನೂ ಬಿಟ್ಟುಕೊಟ್ಟು, ಸಣ್ಣ ಮತ್ತು ಮಧ್ಯಮ ಗಾತ್ರದ ಲಾರಿ-ಬಸ್ಸುಗಳನ್ನಷ್ಟೇ ಮಾಡಬೇಕು. ಕಾರು ಮಾಡುವುದಕ್ಕೆಂದು ಕಟ್ಟಿದ ಕಾರ್ಖಾನೆಗೆ ಕಾರು ಮಾಡಬೇಡವೆಂದು ಆಜ್ಞೆಯಾದರೆ ಅಲ್ಲಿಯ ಕೆಲಸಗಾರರ ಗತಿಯೇನು? ನಷ್ಟದಲ್ಲಿದ್ದ ಕಂಪನಿ ಮುಳುಗುವ ಹಾಗೆಯೇ ಕಂಡಿತು.

ಆದರೆ ಆಜ್ಞೆಯಲ್ಲಿಯೇ ಒಂದು ಎಡೆಯಿತ್ತು. ಕಾರು ಮಾಡಕೂಡದು, ನಿಜ. ಹನ್ನೆರಡು ಆಸನಗಳ ವ್ಯಾನು ಕಾನೂನಿನ ಕಣ್ಣಿಗೆ ಕಾರಲ್ಲ! ತೋಯೊ ಕೋಗ್ಯೊ ಕಂಪನಿ 1966ರಿಂದಲೂ ಮಾಡುತ್ತಿದ್ದ 'ಬೊಂಗೊ' ಎಂಬ ಗಾಡಿಯ ವಿನ್ಯಾಸದಲ್ಲಿ ಕಿಯಾ ಆಗಲೇ ಒಂದು ಟನ್ನಿನ ಲಾರಿಯನ್ನು ಮಾಡತೊಡಗಿತ್ತು. 1981ರಲ್ಲಿಯೇ ಅದೇ ಹೆಸರಿನಲ್ಲಿ ಹನ್ನೆರಡು ಮಂದಿಯ ವ್ಯಾನು ಬಂದಿತು. ಬಂದದ್ದೇ ತಡ, ಜನ ಮುಗಿಬಿದ್ದರು. 1982ರಲ್ಲಿ ಕಂಪನಿ ಲಾಭ ಕಂಡಿತು. ಕೊರಿಯನ್ನರು ಇಂದಿಗೂ ಇದನ್ನು 'ಬೊಂಗೊ ಪುರಾಣಕಥೆ' ಎಂಬರ್ಥದ ಮಾತಿನಿಂದ ನೆನೆಯುತ್ತಾರೆ.

ಹೆಸರಿನ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. ಆಫ್ರಿಕದ ಗಬೋನ್ ದೇಶದ ಅಧ್ಯಕ್ಷ ಬೊಂಗೊ 1975ರಲ್ಲಿ ಸೋಲ್ ನಗರಕ್ಕೆ ಭೇಟಿಯಿತ್ತಿದ್ದನು. ಗಾಡಿಗೆ ಆತನ ಹೆಸರನ್ನೇ ಇಟ್ಟರೆಂದು ಅನೇಕರು ನಂಬಿದರು. ಆದರೆ ಆತ ಅಧ್ಯಕ್ಷ ಪದವಿಗೆ ಬಂದದ್ದು 1967ರಲ್ಲಿ. ಜಪಾನಿನ ಗಾಡಿ ಅದಕ್ಕೂ ಹಿಂದಿನದು. ಬೊಂಗೊ ಎಂಬುದು ಆಫ್ರಿಕದ ಕಾಡಿನಲ್ಲಿರುವ, ಮೈಮೇಲೆ ಬಿಳಿಯ ಪಟ್ಟೆಗಳುಳ್ಳ ಒಂದು ಜಾತಿಯ ಜಿಂಕೆಯ ಹೆಸರು.

ಪೆಟ್ಟಿಗೆಯಂಥ ಗಾಡಿ

ನೋಡಲು ಅದು ಜಿಂಕೆಯಂತೇನೂ ಇರಲಿಲ್ಲ. ಚಕ್ರಗಳ ಮೇಲಿಟ್ಟ ಪೆಟ್ಟಿಗೆಯಂತಿತ್ತು. ಕಾರಿನಲ್ಲಾದರೆ ಯಂತ್ರಕ್ಕೆ ಮುಂದೊಂದು ಮೂತಿ, ಸಾಮಾನಿಗೆ ಹಿಂದೊಂದು ಪೆಟ್ಟಿಗೆ ಇರುತ್ತವೆ. ಬೊಂಗೊ ಗಾಡಿಗೆ ಎರಡೂ ಇಲ್ಲ. ಯಂತ್ರವನ್ನು ಮುಂದಿನ ಆಸನಗಳ ಅಡಿಯಲ್ಲಿ ಅಡಗಿಸಿ, ಚಾಲಕನನ್ನು ಮುಂಗಾಲಿಗಳ ಮೇಲೆಯೇ ಕೂರಿಸಿದ್ದರು. ಇದರಿಂದ ಗಾಡಿಯ ಉದ್ದವೆಲ್ಲ ಜನರಿಗೇ ದಕ್ಕಿತು: ಸಾಲಿಗೆ ಮೂವರಂತೆ ನಾಲ್ಕು ಸಾಲು. ಮುಂದಿನ ಸಾಲಿನ ನಡುವೆ ಕುಳಿತವನಿಗೆ ಬೇಸಗೆಯಲ್ಲಿ ಯಂತ್ರದ ಕಾವು ತಟ್ಟುತ್ತಿತ್ತು. ಚಳಿಗಾಲದಲ್ಲಿ ಆ ಜಾಗಕ್ಕೇ ಬೇಡಿಕೆ ಇದ್ದಿರಬೇಕು! ಜಪಾನಿನಲ್ಲಿ ವಾಹನಗಳು ನಮ್ಮಂತೆ ರಸ್ತೆಯ ಎಡಕ್ಕೆ ಓಡುತ್ತವೆ, ಕೊರಿಯದಲ್ಲಿ ಬಲಕ್ಕೆ. ಆದ್ದರಿಂದ ಸ್ಟಿಯರಿಂಗನ್ನು ಎಡಕ್ಕೂ ಪ್ರಯಾಣಿಕರ ಬಾಗಿಲನ್ನು ಬಲಕ್ಕೂ ಬದಲಿಸಿದರು. ಹೊರಕ್ಕೆ ತೆರೆಯದೆ ಮೈಗುಂಟ ಹಿಂದಕ್ಕೆ ಸರಿಯುವ ಆ ಬಾಗಿಲು ಸೋಲಿನ ಇಕ್ಕಟ್ಟಾದ ಗಲ್ಲಿಗಳಿಗೆ ಹೇಳಿ ಮಾಡಿಸಿದಂತಿತ್ತು.

ವಾರದ ದಿನಗಳಲ್ಲಿ ಅಂಗಡಿಯ ಸರಕು, ಭಾನುವಾರ ಚರ್ಚಿಗೆ ಹೋಗುವ ಮುದುಕಿಯರು, ಬೆಳಗ್ಗೆ ಶಿಶುವಿಹಾರದ ಮಕ್ಕಳು, ಸಂಜೆ ಟೇಕ್ವಾಂಡೊ ಕಲಿಯುವ ಹುಡುಗರು, ಸುಗ್ಗಿಯ ಹಬ್ಬವಾದ ಚುಸೊಕ್ ಬಂದರೆ ಅಜ್ಜನ ಊರಿಗೆ ಹೊರಟ ಇಡೀ ಸಂಸಾರ! ಕೊರಿಯದ ಮೋಟಾರುಗಳ ಒಟ್ಟು ಸಂಖ್ಯೆ ಹತ್ತು ಲಕ್ಷ ದಾಟಿದ್ದು 1985ರಲ್ಲಿ. ಸ್ವಂತ ಕಾರು ಬಹುಮಂದಿಗೆ ಇನ್ನೂ ಕನಸಾಗಿದ್ದ ಆ ದಿನಗಳಲ್ಲಿ ಒಂದು ಬೊಂಗೊ ಹಲವು ಮನೆಗಳ ವಾಹನವಾಯಿತು.

ಒಳಿತಿನ ಜೊತೆಗೆ ಕೆಡುಕೂ ಅದೇ ಬಾಗಿಲಿನಿಂದ ಒಳಹೊಕ್ಕಿತು. 1980ರ ದಶಕದ ಕೊನೆಯಲ್ಲಿ ಹೆಂಗಸರನ್ನು ವ್ಯಾನಿಗೆ ಎಳೆದು ಹಾಕಿಕೊಂಡು ಹೋಗಿ ಮಾರುವರೆಂಬ ಭಯ ಕೊರಿಯದಲ್ಲೆಲ್ಲ ಹಬ್ಬಿತ್ತು. ಮಗಳು ಮನೆಗೆ ಬರುವುದು ತಡವಾದರೆ ತಾಯಂದಿರು ಮೊದಲು ಹೆದರುತ್ತಿದ್ದದ್ದು ಬೊಂಗೊ-ಚಾ ಎಂಬ ಹೆಸರಿಗೇ.

ಮೂತಿಯಿಲ್ಲದ್ದಕ್ಕೆ ತೆತ್ತ ಬೆಲೆ

ಇದಕ್ಕಿಂತ ದೊಡ್ಡ ಅಪಾಯ ಗಾಡಿಯ ಆಕಾರದಲ್ಲಿಯೇ ಇತ್ತು. ಮೋಟಾರಿನ ಮೂತಿ ಅಂದಕ್ಕಾಗಿ ಇರತಕ್ಕದ್ದಲ್ಲ. ಎದುರಿನಿಂದ ಏನಾದರೂ ಬಂದು ಅಪ್ಪಳಿಸಿದಾಗ ತಾನು ಮೊದಲು ನಜ್ಜುಗುಜ್ಜಾಗಿ, ಆ ಪೆಟ್ಟನ್ನು ಒಳಗಿನವರಿಗೆ ಮುಟ್ಟದಂತೆ ತಡೆಯುವುದು ಅದರ ಕೆಲಸ. ಬೊಂಗೊ ಗಾಡಿಯಲ್ಲಿ ತಗಡಿನ ಹಿಂದೆ ನೇರವಾಗಿ ಇರುತ್ತಿದ್ದದ್ದು ಚಾಲಕನ ಮೊಣಕಾಲು. ಹನ್ನೆರಡು ಜನಕ್ಕೆ ಸಿಕ್ಕ ಜಾಗವನ್ನು ಮುಂದಿನ ಸಾಲಿನ ಮೂವರ ಕ್ಷೇಮದಿಂದ ಸಾಲ ತಂದಂತಾಗಿತ್ತು. ಬೊಂಗೊ ಬಳಿಕ ಬಂದ ಕಿಯಾ ಕಂಪನಿಯ ಬೆಸ್ಟಾ, ಹ್ಯುಂಡೈ ಕಂಪನಿಯ ಗ್ರೇಸ್ ಮುಂತಾದವೂ ಇದೇ ಆಕಾರದವು. ಅಪಘಾತದ ನಿಯಮಗಳು ಬಿಗಿಯಾದಂತೆ ಇವುಗಳಿಗೆ ಎಡೆಯಿಲ್ಲವಾಯಿತು. 1997ರಲ್ಲಿ ಬಂದ ಹ್ಯುಂಡೈ ಸ್ಟಾರೆಕ್ಸ್ ಗಾಡಿಗೆ ಗಿಡ್ಡ ಮೂತಿಯೊಂದು ಮೂಡಿತು. 2000ರ ದಶಕದ ಮಧ್ಯದ ಹೊತ್ತಿಗೆ ಈ ಗಾತ್ರದ ಪೆಟ್ಟಿಗೆಯಾಕಾರದ ವ್ಯಾನುಗಳ ತಯಾರಿಕೆ ಅಲ್ಲಿ ನಿಂತುಹೋಯಿತು. ಕೊರಿಯದಲ್ಲಿ ಬೊಂಗೊ ಹೆಸರು ಇಂದು ಉಳಿದಿರುವುದು ಕಿಯಾ ಕಂಪನಿಯ ಸಣ್ಣ ಲಾರಿಯ ಮೇಲೆ ಮಾತ್ರ.

ಮಕ್ಕಳ ವಿಷಯದಲ್ಲಿ ಕಣ್ಣು ತೆರೆಯಲು ಇನ್ನೂ ಹೆಚ್ಚು ಕಾಲ ಹಿಡಿಯಿತು. 2013ರಲ್ಲಿ ಪುಟ್ಟ ಮಗುವೊಂದು ತನ್ನ ಶಿಶುವಿಹಾರದ ಗಾಡಿಯ ಚಕ್ರಕ್ಕೇ ಸಿಕ್ಕಿ ಸತ್ತಿತು. ದೇಶವೆಲ್ಲ ಮರುಗಿತು. 2015ರಿಂದ ಜಾರಿಗೆ ಬಂದ ಕಾನೂನಿನಂತೆ, ಮಕ್ಕಳನ್ನು ಕರೆದೊಯ್ಯುವ ಹಳದಿ ಬಣ್ಣದ ಗಾಡಿಯಲ್ಲಿ ಚಾಲಕನಲ್ಲದೆ ಇನ್ನೊಬ್ಬ ಹಿರಿಯರೂ ಇದ್ದು, ಮಕ್ಕಳನ್ನು ಹತ್ತಿಸಿ ಇಳಿಸಬೇಕು. ಗಾಡಿಗೆ ಎಷ್ಟು ಮಂದಿ ಹಿಡಿಯುತ್ತಾರೆಂದು ಲೆಕ್ಕ ಹಾಕುವುದು ಸುಲಭ. ಅಷ್ಟು ಮಂದಿಯೂ ಕ್ಷೇಮವಾಗಿ ಇಳಿದರೇ ಎಂದು ನೋಡುವುದಕ್ಕೆ ಒಬ್ಬರು ಬೇಕೇ ಬೇಕು.

ಪೆನುಗೊಂಡೆಯ ದಾರಿಯಲ್ಲಿ

ಕಾರು ಮಾಡುವ ಹಕ್ಕನ್ನು ಮರಳಿ ಪಡೆದ ಕಿಯಾ 1987ರಲ್ಲಿ 'ಪ್ರೈಡ್' ಎಂಬ ಕಾರನ್ನು ತಂದಿತು. ಹತ್ತು ವರ್ಷಗಳ ಬಳಿಕ, 1997ರ ಆರ್ಥಿಕ ಮುಗ್ಗಟ್ಟಿನ ವರ್ಷ, ಸಾಲದಲ್ಲಿ ಸಿಕ್ಕಿ ಬಿದ್ದಿತು. ಮರುವರ್ಷ ಹ್ಯುಂಡೈ ಕಂಪನಿಯ ಪಾಲಾಯಿತು. ಒಂದು ವ್ಯಾನು ಕಂಪನಿಯನ್ನು ಒಮ್ಮೆ ಬದುಕಿಸಬಲ್ಲದು, ಸದಾ ಕಾಯಲಾರದು.

1998ರಲ್ಲಿ ಅದೇ ಕಂಪನಿಯಿಂದ ಹೊರಬಂದ 'ಕಾರ್ನಿವಲ್' ಬೊಂಗೊ ಗಾಡಿಯ ಮೊಮ್ಮಗನೆನ್ನಬಹುದು. ಸರಿಯುವ ಬಾಗಿಲು ಅದಕ್ಕೂ ಉಂಟು, ಯಂತ್ರ ಮಾತ್ರ ಮುಂದಿನ ಮೂತಿಯಲ್ಲಿ. ಸೋಲ್-ಬೂಸಾನ್ ಹೆದ್ದಾರಿಯಲ್ಲಿ ಬಸ್ಸುಗಳಿಗೆಂದು ಮೀಸಲಾದ ಸಾಲಿನಲ್ಲಿ ಒಂಬತ್ತು ಆಸನಗಳ ಗಾಡಿಯೂ ಹೋಗಬಹುದು. ಆದರೆ ಒಳಗೆ ಆರು ಮಂದಿಯಾದರೂ ಇರಬೇಕು. ನೆಂಟರೊಡನೆ ಕೂಡಿ ಹೋಗುವವರಿಗೆ ದಾರಿ ಬಿಡುವ ಈ ನಿಯಮ ಒಳ್ಳೆಯದೇ ಅಲ್ಲವೆ?

ಕಾರ್ನಿವಲ್ ನಮ್ಮ ದೇಶಕ್ಕೆ ಬಂದದ್ದು 2020ರಲ್ಲಿ. ಅದನ್ನು ಜೋಡಿಸಿದ ಕಾರ್ಖಾನೆ ಇರುವುದು ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮಗ್ಗುಲಿಗೆ, ಆಂಧ್ರದ ಪೆನುಗೊಂಡೆಯ ಬಳಿ. 1565ರಲ್ಲಿ ರಕ್ಕಸತಂಗಡಿಯ ಕಾಳಗದಲ್ಲಿ ಸೋತು ಹಂಪೆಯನ್ನು ತೊರೆದ ವಿಜಯನಗರದ ಅರಸರಿಗೆ ರಾಜಧಾನಿಯಾಗಿದ್ದ ಊರು ಅದು. ಬೆಟ್ಟದ ಮೇಲೆ ಅವರ ಕೋಟೆ ಇಂದಿಗೂ ನಿಂತಿದೆ. ಕಾರು ಮಾಡಬೇಡವೆನ್ನಿಸಿಕೊಂಡು ವ್ಯಾನು ಮಾಡಿ ಬದುಕಿದ ಆ ಕಂಪನಿಯ ಹೆಸರನ್ನು, ಆ ದಾರಿಯಲ್ಲಿ ಹೋಗುವವರು ಈಗ ಕೋಟೆಯ ನೆರೆಯಲ್ಲಿಯೇ ಓದಬಹುದು.