ನೀಲಿ ಬರುವ ಮೊದಲೇ

ಪೆನ್‌ಡ್ರೈವ್ ಚುಚ್ಚಿಯಾಗಿದೆ, ಸೆಕ್ಯೂರ್ ಬೂಟ್ ಆಫ್ ಮಾಡಿಯಾಗಿದೆ. ಒಳಗಿರುವುದು ಎಕ್ಸ್‌ವಿ6: 1975ರ ಯುನಿಕ್ಸ್ ಆರನೇ ಆವೃತ್ತಿಯ ಜಾಡು ಹಿಡಿದು, ಪಾಠ ಹೇಳಲೆಂದು ಎಂಐಟಿಯವರು 2006ರಲ್ಲಿ ಬರೆದ ಪುಟಾಣಿ ಆಪರೇಟಿಂಗ್ ಸಿಸ್ಟಂ. 32 ಬಿಟ್‌ನದನ್ನು 64ಕ್ಕೆ ಏರಿಸಿ, ಎಮ್ಯುಲೇಟರ್‌ನಲ್ಲಿ ಓಡಿಸಿ ನೋಡಿದ್ದೀರಿ. ಎದುರಿಗಿರುವ ಲ್ಯಾಪ್‌ಟಾಪ್‌ನಲ್ಲಿ ಯಂತ್ರವನ್ನು ಶುರುಮಾಡುವ ಫರ್ಮ್‌ವೇರ್ ಹಳೇ ಬಯಾಸ್ ಅಲ್ಲ, ಯುಇಎಫ್‌ಐ ಮಾತ್ರ.

ಹಳೇ ಪಿಸಿಯಲ್ಲಿ ಬಿ8000 ವಿಳಾಸದಲ್ಲಿ ಒಂದು ಬೈಟ್ ಇಟ್ಟರೆ ಸಾಕು, ಪರದೆಯ ಮೇಲೆ ಅಕ್ಷರ. ಇಲ್ಲಿ ಫರ್ಮ್‌ವೇರ್ ಕೊಡುವುದು ಖಾಲಿ ಫ್ರೇಂಬಫರ್, ಅಂದರೆ ಪರದೆಯ ಚುಕ್ಕಿಗಳ ಮೆಮೊರಿ. ಅಕ್ಷರದ ಚುಕ್ಕಿಗಳನ್ನು ನೀವೇ ಇಡಬೇಕು. ಸೀರಿಯಲ್ ಪೋರ್ಟೂ ಇಲ್ಲ. ಹಾಗಾದರೆ ಕೋಡ್ ಎಲ್ಲಿ ಸತ್ತಿತೆಂದು ತಿಳಿಯುವುದು ಹೇಗೆ? ಬಣ್ಣದಿಂದ. ಕರ್ನಲ್ ಶುರುವಾದರೆ ಪರದೆಯಿಡೀ ಕೆಂಪು, ಮೆಮೊರಿ ಲೆಕ್ಕ ಮುಗಿದರೆ ಹಸಿರು, ಯಾವ ವಿಳಾಸಕ್ಕೆ ಯಾವ ಮೆಮೊರಿ ಎಂದು ಹೇಳುವ ಪೇಜ್ ಟೇಬಲ್ ಜಾರಿಗೆ ಬಂದರೆ ನೀಲಿ.

ಪವರ್ ಒತ್ತುತ್ತೀರಿ. ಲೋಗೊ. ಕೆಂಪು. ಹಸಿರು. ಕಪ್ಪು. ತಿರುಗಾ ಲೋಗೊ.

ಟ್ರಿಪಲ್ ಫಾಲ್ಟ್. ಒಂದು ತಪ್ಪಾಗಿದೆ, ಅದನ್ನು ನೋಡಿಕೊಳ್ಳುವ ಕೋಡ್ ಇನ್ನೂ ಸಿದ್ಧವಿಲ್ಲ, ಅದು ಎರಡನೇ ತಪ್ಪು, ಅದಕ್ಕೂ ದಿಕ್ಕಿಲ್ಲದೆ ಮೂರನೆಯದು. ಪ್ರೊಸೆಸರ್ ಕೈಚೆಲ್ಲಿ ರೀಸೆಟ್ ಆಗುತ್ತದೆ, ಒಂದು ಸಾಲು ಸಂದೇಶವನ್ನೂ ಕೊಡದೆ.

ಹಸಿರಿಗೂ ನೀಲಿಗೂ ನಡುವೆ ನಡೆಯುವುದು ಒಂದೇ ಕೆಲಸ: ಸಿಆರ್3 ರಿಜಿಸ್ಟರ್‌ಗೆ ಪೇಜ್ ಟೇಬಲ್‌ನ ವಿಳಾಸ ತುಂಬುವುದು. ಟೇಬಲನ್ನು ಸಾಲುಸಾಲಾಗಿ ಓದುತ್ತೀರಿ. ಕರ್ನಲ್ ಇದೆ. ಸ್ಟ್ಯಾಕ್ ಇದೆ. ಕೆಳಗಿನ ಒಂದು ಎಂಬಿ ಇಡಿಯಾಗಿ ಇದೆ. ಬಿ8000 ಅದರೊಳಗೇ ಬರುವುದರಿಂದ ಮೂಲ ಕೋಡ್‌ಗೆ ಪರದೆಯ ಚಿಂತೆಯೇ ಇರಲಿಲ್ಲ. ಹೊಸ ಫ್ರೇಂಬಫರ್ ಇರುವುದು ಗಿಗಾಬೈಟ್‌ಗಳಾಚೆ, ಟೇಬಲ್‌ನ ಹೊರಗೆ. ನೀಲಿ ಬಳಿಯಲು ಕೈ ಚಾಚಿದಾಗ ಗೋಡೆಯೇ ಇಲ್ಲ!

ಟೇಬಲ್‌ಗೆ ಇನ್ನೊಂದು ಸಾಲು ಸೇರಿಸುತ್ತೀರಿ. ಕೆಂಪು, ಹಸಿರು, ನೀಲಿ.

ಇನ್ನು ಅಕ್ಷರ. ಮೊದಲ ಸಾಲು ಚಿಂದಿಚಿಂದಿಯಾಗಿ ಮೂಡುತ್ತದೆ. ಅಕ್ಷರದ ಒಂದೊಂದು ಪಟ್ಟಿಯೂ ಮೇಲಿನದಕ್ಕಿಂತ ಹತ್ತು ಚುಕ್ಕಿ ಎಡಕ್ಕೆ ಜಾರಿದೆ. ಪರದೆಯ ಅಗಲ 1366 ಚುಕ್ಕಿ. ಮೆಮೊರಿಯಲ್ಲಿ ಪ್ರತಿ ಸಾಲೂ ಹಿಡಿಯುವ ಜಾಗ 1376. ಒಂದೇ ಬಣ್ಣ ಬಳಿಯುವಾಗ ಇದು ಕಂಡೇ ಇರಲಿಲ್ಲ. ಫರ್ಮ್‌ವೇರ್ ಆ ಎರಡನೇ ಅಂಕಿಯನ್ನೂ ಕೊಟ್ಟಿರುತ್ತದೆ, ಬಳಸಿದರಾಯಿತು.

ಎಸ್‌ಎಸ್‌ಡಿ ಗೊಡವೆಗೆ ಹೋಗುವುದಿಲ್ಲ; ಎಕ್ಸ್‌ವಿ6ಗೆ ಗೊತ್ತಿರುವುದು ಐಡಿಇ ಡಿಸ್ಕ್ ಮಾತ್ರ. ಫೈಲ್‌ಗಳೆಲ್ಲ ರ್‍ಯಾಮ್‌ನಲ್ಲೇ ಇವೆ. ಕೀಬೋರ್ಡ್ ಅದೃಷ್ಟದ ಮಾತು: ಯುಎಸ್‌ಬಿಯದಾಗಿದ್ದರೆ ದೊಡ್ಡ ಡ್ರೈವರನ್ನೇ ಬರೆಯಬೇಕಿತ್ತು, ಆದರೆ ಹಲವು ಲ್ಯಾಪ್‌ಟಾಪ್‌ಗಳ ಒಳಗಿನ ಕೀಬೋರ್ಡ್ ಈಗಲೂ ಹಳೇ ಪಿಎಸ್/2 ಭಾಷೆಯನ್ನೇ ಆಡುತ್ತದೆ. ಡಾಲರ್ ಗುರುತಿನ ಮುಂದೆ ಎಲ್, ಎಸ್ ಒತ್ತಿ ಎಂಟರ್ ಕೊಡುತ್ತೀರಿ. ಕ್ಯಾಟ್, ಎಕೊ, ಗ್ರೆಪ್ ಎಂದು ಫೈಲ್‌ಗಳ ಪಟ್ಟಿ ಸರಸರನೆ ಇಳಿಯುತ್ತದೆ.